ತೊಳೆಯಬಾರದ ನೀರು

ಮದರಾಸಿನ ಹಡಗುಕಟ್ಟೆ

ನನ್ನನ್ನು ಜಾವಾ ದ್ವೀಪಕ್ಕೆ ಕಳಿಸಿದ್ದು ನನ್ನ ಬುದ್ಧಿವಂತಿಕೆಗೆ ಮೆಚ್ಚಿ ಅಲ್ಲ, ನನ್ನ ಕಾಟ ತಡೆಯಲಾರದೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಆಗ ಎರಡು ವರ್ಷವಾಗಿತ್ತು. ನೆಲ್ಯಹುದಿಕೇರಿಯ ಹತ್ತಿರ ಹೊಳೆದಂಡೆಯಲ್ಲಿ ಸರ್ಕಾರದ ಒಂದು ಮೀನು ಹೊಂಡವಿತ್ತು, ಅದಕ್ಕೆ ನಾನು ಫೀಲ್ಡ್ ಮ್ಯಾನ್. ಊಟಿಯಿಂದ ಗೆಂಡೆ ಮೀನು ತರಿಸಿ, ಅದರಲ್ಲಿ ಮೊಟ್ಟೆ ಇಡಿಸಿ, ಮರಿಗಳನ್ನು ರೈತರ ಕೆರೆಗಳಿಗೆ ಹಂಚಬೇಕೆಂಬುದು ಯೋಜನೆ. ಮೀನುಗಳು ಚೆನ್ನಾಗಿ ತಿಂದವು, ಚೆನ್ನಾಗಿ ಬೆಳೆದವು. ಆದರೆ ಎರಡು ವರ್ಷ ಗಂಡು ಹೆಣ್ಣು ಒಂದೇ ಹೊಂಡದಲ್ಲಿ, ಮಾತು ಬಿಟ್ಟ ನೆಂಟರ ಹಾಗೆ, ಮುಖ ತಿರುಗಿಸಿಕೊಂಡೇ ಓಡಾಡಿದವು. ಒಂದೇ ಒಂದು ಮೊಟ್ಟೆ ಕಾಣಲಿಲ್ಲ.

ಅಮ್ಮತ್ತಿ ಸಂತೆಗೆ ಹೋದರೆ ಸಾಕು, ಯಾರಾದರೊಬ್ಬರು ತರಕಾರಿ ಅಂಗಡಿಯ ಮುಂದೆ ನನ್ನನ್ನು ತಡೆದು ನಿಲ್ಲಿಸುತ್ತಿದ್ದರು. "ಏನ್ ಕುಶಾಲಪ್ಪನವ್ರೆ, ಮೀನಿಗೆ ಜಾತಕ ಹೊಂದಿಲ್ವಾ?" ನನಗೆ ಮೂಗಿನ ತುದಿಯಲ್ಲೇ ಕೋಪ. ಎರಡು ಸಲ ಜಗಳವಾಡಿ ಕೊತ್ತಂಬರಿ ಕೊಳ್ಳದೆ ಬಂದಿದ್ದೇನೆ.

ಆ ವರ್ಷ ಮೈಸೂರು ಕಡೆಯಿಂದ ಹೊಸ ಆಫೀಸರು ಬಂದರು. ಇಸ್ತ್ರಿ ಕೆಡದ ಬಿಳಿ ಪ್ಯಾಂಟಿನ ಮನುಷ್ಯ. ಹೊಂಡದ ಸುತ್ತ ಒಂದು ಸುತ್ತು ಹಾಕಿ, "ಮಾರ್ಚ್ ಕೊನೆಯೊಳಗೆ ಮರಿ ಆಗದಿದ್ದರೆ ಇದನ್ನು ಮುಚ್ಚಿಸಿ ಜಾಗವನ್ನು ರಸ್ತೆ ಕೆಲಸದವರ ಜಲ್ಲಿಗೆ ಬಿಟ್ಟುಕೊಡ್ತೇನೆ" ಎಂದು ಬರೆದುಕೊಂಡೇ ಹೋದರು. ಆ ಹೊಂಡ ತೋಡುವಾಗ ಆಳುಗಳ ಜೊತೆ ನಾನೂ ಬುಟ್ಟಿ ಹೊತ್ತಿದ್ದೆ. ನನ್ನ ಮಾತು ನಂಬಿ ಸುತ್ತಿನ ಊರುಗಳ ರೈತರು ಗದ್ದೆಯ ಮೂಲೆಯಲ್ಲಿ ಚಿಕ್ಕ ಚಿಕ್ಕ ಹೊಂಡ ತೋಡಿ ಮರಿಗಾಗಿ ಕಾಯುತ್ತಿದ್ದರು. ಅದನ್ನು ಮುಚ್ಚಿದರೆ ನಾನು ಆ ದಾರಿಯಲ್ಲಿ ತಲೆಯೆತ್ತಿ ನಡೆಯುವ ಹಾಗಿರಲಿಲ್ಲ. ಬೆಂಗಳೂರಿಗೆ ಕಾಗದದ ಮೇಲೆ ಕಾಗದ ಬರೆದೆ. ಜಾವಾದವರು ಗೆಂಡೆ ಮೊಟ್ಟೆ ಇಡಿಸುವುದರಲ್ಲಿ ನಿಸ್ಸೀಮರೆಂದೂ ಅಲ್ಲಿಗೆ ಒಬ್ಬ ನೌಕರ, ಒಬ್ಬ ರೈತ ಕಲಿಯಲು ಹೋಗಬಹುದೆಂದೂ ಒಂದು ದಿನ ಆಜ್ಞೆ ಬಂತು.

ರೈತರ ಪರವಾಗಿ ಬಂದವರು ಶಿರಂಗಾಲದ ನಂಜೇಗೌಡರು. ಅವರ ತಾತ ಹಾಸನದ ಕಡೆಯಿಂದ ಬಂದು ನೆಲೆಸಿದವರು. ನನಗಿಂತ ಹದಿನೈದು ವರ್ಷ ಹಿರಿಯರು, ಸಮುದ್ರ ನೋಡಿದ್ದು ಅವತ್ತೇ ಮೊದಲು. ಹಡಗುಕಟ್ಟೆಯಲ್ಲಿ ನಿಂತು ಬಹಳ ಹೊತ್ತು ನೋಡಿ, "ಇಷ್ಟೊಂದು ನೀರು ಮಡಿಕಂಡು ಒಂದ್ ಎಕ್ರೆ ಗದ್ದೆ ಮಾಡಿಲ್ವಲ್ರೀ ಇವ್ರು" ಎಂದರು. ಹಡಗು ಹೊರಟ ಮೇಲೆ ನಾನು ನಾಲ್ಕು ದಿನ ವಾಂತಿ ಮಾಡಿದೆ. ಗೌಡರಿಗೆ ಏನೂ ಆಗಲಿಲ್ಲ. ಅವರು ನನ್ನ ಪಾಲಿನ ಊಟವನ್ನೂ ಉಂಡು, ನನ್ನ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತರು.

ಜಕಾರ್ತ

ಸಿಂಗಪುರದಲ್ಲಿ ಹಡಗು ಬದಲಾಯಿಸಿ ಜಕಾರ್ತಕ್ಕೆ ಇಳಿದೆವು. ಅಲ್ಲಿಯ ಸುಂಕದ ಕಟ್ಟೆಯಲ್ಲಿ ಒಬ್ಬ ಅಧಿಕಾರಿ ಗೌಡರ ತಗಡಿನ ಪೆಟ್ಟಿಗೆ ತೆಗೆಸಿದ. ಎರಡು ಪಂಚೆ, ಒಂದು ಅಂಗಿ, ಉಳಿದದ್ದೆಲ್ಲ ರಾಗಿಹಿಟ್ಟು. ಅವನು ಬೆರಳಲ್ಲಿ ಮುಟ್ಟಿದ, ಮೂಸಿದ, ಇನ್ನೊಬ್ಬನನ್ನು ಕರೆದ. ಮೂರನೆಯವನು ಬಂದೂಕು ಹಿಡಿದುಕೊಂಡು ಬಂದ. ಆ ಬಣ್ಣ ನೋಡಿ ಅವರಿಗೆ ಸಿಡಿಮದ್ದಿನ ಪುಡಿಯೆಂದು ಅನುಮಾನ.

ನನ್ನ ಇಂಗ್ಲಿಷು ಅವರಿಗೆ ತಿಳಿಯದು, ಅವರ ಮಾತು ನನಗೆ ತಿಳಿಯದು. ನಾನು ಬೆವರುತ್ತಿದ್ದೆ. ಗೌಡರು ಮಾತ್ರ ಸಾವಧಾನವಾಗಿ ಒಂದು ಹಿಡಿ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡರು. ಒಣ ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮಿದರು ನೋಡಿ, ಅಧಿಕಾರಿಯ ಟೋಪಿ, ಮೇಜು, ರಿಜಿಸ್ಟರು ಎಲ್ಲ ಒಂದೇ ಬಣ್ಣವಾಯಿತು. ಬಂದೂಕಿನವನೇ ಮೊದಲು ನಕ್ಕ. ಆಮೇಲೆ ಓಡಿ ಹೋಗಿ ನೀರು ತಂದುಕೊಟ್ಟ. ನಮ್ಮನ್ನು ಕರೆದೊಯ್ಯಲು ಬಂದಿದ್ದ ಹಸನ್ ಎಂಬ ಹುಡುಗು ಮುಖದ ಮೀನುಗಾರಿಕೆ ಅಧಿಕಾರಿಗೆ ನಾವು ಪರಿಚಯವಾದದ್ದು ಹೀಗೆ, ಮೈಯೆಲ್ಲ ರಾಗಿ ಬಳಿದುಕೊಂಡು.

ಹಸನ್‌ಗೆ ಒಳ್ಳೆಯ ಇಂಗ್ಲಿಷು ಬರುತ್ತಿತ್ತು. ಅಲ್ಲಿಂದ ಮುಂದೆ ನಮಗೂ ಆ ನಾಡಿಗೂ ಅವನೇ ನಾಲಿಗೆ.

ಸುಕಾಬುಮಿಯ ಬೆಟ್ಟ

ರೈಲು ಬೆಟ್ಟ ಹತ್ತಿದಂತೆಲ್ಲ ನನಗೆ ಊರಿಗೇ ಬಂದ ಹಾಗಾಯಿತು. ಅದೇ ತಂಪು, ಅದೇ ಮಂಜು, ಹಂತಹಂತದ ಗದ್ದೆ. ಸುಕಾಬುಮಿಯಿಂದ ಮೇಲೆ ಒಂದು ಹಳ್ಳಿಯಲ್ಲಿ ಕರ್ತಾ ಎಂಬ ಮುದುಕರ ಮನೆಯಲ್ಲಿ ನಮ್ಮ ವಾಸ. ಊರವರು ಅವರನ್ನು ಅಬಾ ಎನ್ನುತ್ತಿದ್ದರು, ಹಿರಿಯ ಗಂಡಸರಿಗೆ ಅಲ್ಲಿ ಹಾಗೆ ಕರೆಯುವುದು. ಅವರ ಹೆಂಡತಿ ಅಂಬು, ಎಂದರೆ ತಾಯಿ. ನಾವೂ ಹಾಗೆಯೇ ಕರೆದೆವು.

ಮೊದಲ ದಿನ ಕಾಫಿ ಕೊಟ್ಟರು. ಕಾಫಿ ನಾಡಿನವನಿಗೆ ಕಾಫಿ ಕೊಡುವುದೆಂದರೆ ಪರೀಕ್ಷೆ ಕೊಟ್ಟ ಹಾಗೆ. ಗಾಜಿನ ಲೋಟಕ್ಕೆ ಪುಡಿ ಹಾಕಿ, ಮೇಲೆ ಕುದಿಯುವ ನೀರು ಹೊಯ್ದು, ಸೋಸದೆ ಹಾಗೆಯೇ ಮುಂದಿಟ್ಟರು. ನಾನು ಸಲಿಗೆಯಿಂದ ಒಂದೇ ಸಲ ಎತ್ತಿ ಕುಡಿದೆ. ಬಾಯಿ ತುಂಬ ಚರಟ. ಉಗುಳುವುದು ಅವಮಾನ, ನುಂಗುವುದು ಕಷ್ಟ. ನುಂಗಿದೆ. ಪುಡಿ ಕೆಳಗಿಳಿಯುವವರೆಗೆ ಕಾಯಬೇಕೆಂದು ಆಮೇಲೆ ಗೊತ್ತಾಯಿತು. ಅಲ್ಲಿಯವರಿಗೆ ಯಾವುದಕ್ಕೂ ಅವಸರವಿಲ್ಲ. ಏನನ್ನಾದರೂ ತೋರಿಸಬೇಕಾದರೆ ತೋರುಬೆರಳು ಚಾಚುವುದಿಲ್ಲ, ಅದು ಒರಟಂತೆ. ಮುಷ್ಟಿ ಮಡಿಸಿ ಹೆಬ್ಬೆರಳಿನಿಂದ ತೋರಿಸುತ್ತಾರೆ. ನಮ್ಮಲ್ಲಿ ಹೆಬ್ಬೆರಳು ತೋರಿಸಿದರೆ ಹೊಡೆದಾಟವಾಗುತ್ತದೆ.

ಇನ್ನೊಂದು ಸಂಗತಿ ಬರೆಯಲೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ಮನೆಯ ಹಿಂದಿನ ಹೊಂಡದ ಮೇಲೆ ಬಿದಿರಿನ ಒಂದು ಚಿಕ್ಕ ಗುಡಿಸಲು, ಅದಕ್ಕೊಂದು ಬಿದಿರಿನ ಕಾಲುಸಂಕ. ಗೌಡರು ಬೆಳಿಗ್ಗೆ ಅದರೊಳಗೆ ಹೋಗಿ, ಅಷ್ಟೇ ಬೇಗ ಹೊರಗೆ ಬಂದರು.

"ಕುಶಾಲಪ್ನೋರೆ, ಅದು ಕಕ್ಕಸು ಕಣ್ರೀ! ಕೆಳಗೆ ಮೀನು ಬಾಯ್ ಬಿಟ್ಕಂಡ್ ಕಾಯ್ತಾವೆ!"

"ಸರಿ ಗೌಡ್ರೇ, ಅದಕ್ಕೇನು?"

"ಅದಕ್ಕೇನಾ? ನೆನ್ನೆ ಮಧ್ಯಾಹ್ನ ನಾವು ತಿಂದ ಮೀನು ಯಾವ ಹೊಂಡದ್ದು?"

ಗೌಡರು ಎರಡು ದಿನ ರಾಗಿ ಮುದ್ದೆ, ಉಪ್ಪು, ಹಸಿಮೆಣಸಿನಲ್ಲೇ ಕಳೆದರು. ಹಸನ್ ಇದನ್ನು ಅಬಾಗೆ ಹೇಳಿದಾಗ ಮುದುಕರು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಹೆಬ್ಬೆರಳಿನಿಂದ ನೀರಿನತ್ತ ತೋರಿಸಿ ಏನೋ ಹೇಳಿದರು. "ಮೈಯಿಂದ ಹೊರಗೆ ಹೋದದ್ದೆಲ್ಲ ಕಸ ಅಂತ ನಿಮ್ಮೂರಲ್ಲಿ ತಿಳಿದಿದ್ದೀರಾ ಅಂತ ಕೇಳ್ತಿದ್ದಾರೆ" ಎಂದ ಹಸನ್. ನಾನು ಅದನ್ನು ಮುದುಕರ ತಮಾಷೆ ಎಂದುಕೊಂಡು ಮರೆತೆ.

ಅಂಬುವಿನ ಬಾನಿ

ಅಬಾ ಮನೆಯ ಹಿತ್ತಲಿನಲ್ಲಿ ಎರಡು ಹೊಂಡಗಳು ಒಂದರ ಕೆಳಗೊಂದು ಇದ್ದವು. ಇವು ಕಕ್ಕಸಿನ ಹೊಂಡಗಳಲ್ಲ, ಬೇರೆಯೇ. ಮೇಲಿನದರಲ್ಲಿ ಹೊಟ್ಟೆ ತುಂಬಿದ ಹೆಣ್ಣು ಗೆಂಡೆ, ಕೆಳಗಿನದರಲ್ಲಿ ಗಂಡುಗಳು. ಮೇಲಿನಿಂದ ಕೆಳಕ್ಕೆ ಕಿರುಬೆರಳು ಗಾತ್ರದ ಬಿದಿರು ಕೊಳವೆ, ಅದರಲ್ಲಿ ದಾರದಷ್ಟು ನೀರು ಬೀಳುತ್ತಿತ್ತು. ಇಷ್ಟೇ ಅವರ ಕಾರ್ಖಾನೆ. ಯಂತ್ರವಿಲ್ಲ, ಔಷಧಿಯಿಲ್ಲ, ಸೂಜಿಯಿಲ್ಲ. ಸಮುದ್ರ ದಾಟಿ ಬಂದು ವಾಂತಿ ಮಾಡಿಕೊಂಡದ್ದು ಇದನ್ನು ನೋಡಲಿಕ್ಕೋ ಎಂದು ನನಗೆ ಸಿಟ್ಟೇ ಬಂತು.

ಆದರೆ ಹೆಣ್ಣನ್ನು ಗಂಡುಗಳ ಜೊತೆ ಯಾವ ದಿನ ಬಿಡಬೇಕೆಂದು ನಿರ್ಧರಿಸುವವರು ಅಬಾ ಅಲ್ಲ, ಅಂಬು. ಜಗುಲಿಯ ಪಕ್ಕ ಅವರದೊಂದು ದೊಡ್ಡ ಮಣ್ಣಿನ ಬಾನಿ ಇತ್ತು, ಅದರಲ್ಲಿ ಒಂಟಿ ಗಂಡು ಮೀನು. ಬೆಳಿಗ್ಗೆ ಮನೆ ಗುಡಿಸಿದ ಮೇಲೆ ಅಂಬು ಮೇಲಿನ ಹೊಂಡಕ್ಕೆ ಹೋಗಿ, ಒಂದು ತೆಂಗಿನ ಕರಟದಲ್ಲಿ ಹೆಣ್ಣಿನ ಹೊಂಡದ ನೀರು ತಂದು ಬಾನಿಗೆ ಹೊಯ್ಯುವರು. ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುವರು. ಗಂಡು ಸುಮ್ಮನಿದ್ದರೆ ಅವರೂ ಸುಮ್ಮನೆ ಅಡಿಗೆಮನೆಗೆ ಹೋಗುವರು. ಅದು ಮೈಮುರಿದೆದ್ದು, ಮೂತಿಯಿಂದ ನೀರು ಸೀಳುತ್ತ ಬಾನಿಯ ಸುತ್ತ ತಿರುಗತೊಡಗಿದರೆ ಅಬಾರನ್ನು ಕೂಗುವರು. ಅವತ್ತು ಸಂಜೆ ಹೆಣ್ಣನ್ನು ಕೆಳಕ್ಕೆ ಬಿಡುವುದು, ಮರುದಿನ ನಸುಕಿನಲ್ಲಿ ಮೊಟ್ಟೆ. ನಾನು ನೋಡಿದ ಎರಡು ಸಲವೂ ಅದು ತಪ್ಪಲಿಲ್ಲ.

"ಆ ನೀರಲ್ಲಿ ಏನಿದೆ?" ಎಂದು ಹಸನ್‌ನನ್ನು ಕೇಳಿದೆ.

"ಆಸ್ಪತ್ರೆಯಲ್ಲಿ ಬಸುರಿಯ ಮೂತ್ರವನ್ನು ಕಪ್ಪೆಗೆ ಚುಚ್ಚಿ ನೋಡ್ತಾರಲ್ಲ, ಕೇಳಿದ್ದೀರಾ? ಕಪ್ಪೆ ಮೊಟ್ಟೆ ಇಟ್ಟರೆ ಬಸುರು ನಿಜ. ಅಂದರೆ ಮೈಯೊಳಗಿನ ಹಾರ್ಮೋನು ಮೂತ್ರದಲ್ಲಿ ಹೊರಗೆ ಹೋಗುತ್ತೆ. ಮೀನಿನಲ್ಲೂ ಯಾಕಾಗಬಾರದು? ಮೊಟ್ಟೆ ಮಾಗಿದ ಹೆಣ್ಣು ನೀರಿಗೆ ಏನೋ ಬಿಡುತ್ತೆ, ಗಂಡಿಗೆ ಅದು ತಿಳಿಯುತ್ತೆ. ಇದು ನಾನು ಪುಸ್ತಕದಲ್ಲಿ ಓದಿದ್ದಲ್ಲ ಮಿಸ್ಟರ್ ಕುಶಾಲಪ್ಪ, ಅಂಬುವಿನ ಬಾನಿಯಲ್ಲಿ ಓದಿದ್ದು."

ನಾನು ತಲೆಯಾಡಿಸಿದೆ. ಟಿಪ್ಪಣಿ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಬರೆದುಕೊಂಡೆ. ಬರೆದುಕೊಂಡದ್ದು ತಲೆಗೆ ಹೋಗಿರಲಿಲ್ಲ ಎಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

ನಾನು ಮಾಡಿದ ಘನಕಾರ್ಯ

ನಮ್ಮ ಹಡಗಿಗೆ ಒಂಬತ್ತು ದಿನ ಉಳಿದಿದ್ದಾಗ ಆ ಹಂಗಾಮಿನ ಕೊನೆಯ ಹೆಣ್ಣು ಮೇಲಿನ ಹೊಂಡದಲ್ಲಿತ್ತು. ಇದರಿಂದ ನೀವೇ ಮೊಟ್ಟೆ ಇಡಿಸಿ, ಆಗ ಕಲಿತ ಹಾಗೆ ಎಂದು ಅಬಾ ಹೇಳಿದ್ದರು. ನನಗೂ ಅದೇ ಬೇಕಿತ್ತು. ನೋಡಿದ್ದು ಊರಿನಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಮಾಡಿದ್ದು ಮಾತ್ರ ಬರುತ್ತದೆ. ಆ ಗೆಂಡೆ ಮೊಟ್ಟೆ ಇಡದಿದ್ದರೆ ನಾನು ಬರಿಗೈಯಲ್ಲಿ ನೆಲ್ಯಹುದಿಕೇರಿಗೆ ಹೋಗಿ ನಿಲ್ಲಬೇಕಿತ್ತು.

ಅಬಾ, ಅಂಬು ಮತ್ತು ಹಸನ್ ಮೂವರೂ ನೆಂಟರ ಮದುವೆಗೆಂದು ಒಂದು ದಿನದ ಮಟ್ಟಿಗೆ ಕೆಳಗಿನ ಊರಿಗೆ ಹೋದರು. "ಮನೆ ನಿಮ್ಮದು, ನೋಡಿಕೊಳ್ಳಿ" ಎಂದರು. ಅವರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಹೊಂಡ ನೋಡಲು ಹೋದೆ. ನೀರು ಕಲಕಾಗಿತ್ತು, ದಡದಲ್ಲಿ ನೊರೆ, ಕೈಹಾಕಿದರೆ ಲೋಳೆ.

ಇಲ್ಲಿ ನನ್ನ ಹುಟ್ಟನ್ನು ಸ್ವಲ್ಪ ಹೇಳಬೇಕು. ನಮ್ಮಪ್ಪ ಅಮ್ಮತ್ತಿಯ ಹತ್ತಿರ ಎಸ್ಟೇಟಿನಲ್ಲಿ ರೈಟರ್, ಎಂದರೆ ಲೆಕ್ಕ ಬರೆಯುವ ಗುಮಾಸ್ತ. ನಾನು ಬೆಳೆದದ್ದು ಪಲ್ಪರ್ ತೊಟ್ಟಿಯ ಪಕ್ಕದಲ್ಲಿ. ಪಲ್ಪರ್ ಯಂತ್ರ ಕಾಫಿ ಹಣ್ಣಿನ ಸಿಪ್ಪೆ ಸುಲಿದ ಮೇಲೆ ಬೀಜದ ಮೇಲೆ ಲೋಳೆ ಉಳಿಯುತ್ತದೆ. ಅದನ್ನು ತೊಟ್ಟಿಯಲ್ಲಿ ಹಾಕಿ ಮೂರು ನೀರು ಬದಲಾಯಿಸಿ, ಬೀಜ ಕೈಯಲ್ಲಿ ಚರಚರ ಎನ್ನುವವರೆಗೆ ತೊಳೆಯಬೇಕು. ನೊರೆ ಉಳಿದರೆ ಕಾಫಿ ಕೆಟ್ಟಿತು, ಅಪ್ಪನ ಕೈಯಲ್ಲಿ ನನ್ನ ಕಿವಿಯೂ ಕೆಟ್ಟಿತು. ನೊರೆ, ಲೋಳೆ ಕಂಡರೆ ತೊಳೆ ಎಂಬುದು ನನ್ನ ರಕ್ತದಲ್ಲೇ ಇದೆ.

ತೊಳೆದೆ. ಗೌಡರನ್ನೂ ಸೇರಿಸಿಕೊಂಡೆ. ಮೇಲಿನ ಹೊಂಡದ ತೂಬು ಬಿಚ್ಚಿ ಅರ್ಧ ನೀರು ಬಿಟ್ಟು, ತೊರೆಯ ಹೊಸ ನೀರು ತುಂಬಿ, ಮತ್ತೆ ಬಿಟ್ಟು, ಮತ್ತೆ ತುಂಬಿ, ಹೀಗೆ ಮೂರು ಸಲ. ಆಮೇಲೆ ಕೆಳಗಿನ ಹೊಂಡಕ್ಕೂ ಅದೇ ಸೇವೆ. ಸಂಜೆಗೆ ತಳದ ಕಲ್ಲು ಎಣಿಸುವಷ್ಟು ತಿಳಿಯಾಯಿತು. ಗೌಡರು ಸೊಂಟ ಹಿಡಿದುಕೊಂಡು, "ಈಗ ನೋಡಿ, ನಂಗೇ ಇಳಿದು ಮೀಯೋಣ ಅನ್ಸತ್ತೆ" ಎಂದರು. ಅತಿಥಿಗಳು ಸುಮ್ಮನೆ ಉಂಡು ಮಲಗುವವರಲ್ಲ ಎಂದು ತೋರಿಸಿದ ಹೆಮ್ಮೆಯಲ್ಲಿ ನಾನು ಅವತ್ತು ಚೆನ್ನಾಗಿ ನಿದ್ದೆ ಮಾಡಿದೆ.

ಮರುದಿನ ಬೆಳಿಗ್ಗೆ ಅವರು ಹಿಂತಿರುಗಿದರು. ಅಂಬು ಕರಟ ತೆಗೆದುಕೊಂಡು ಮೇಲೆ ಹೋದವರು ಹೊಂಡದ ಮುಂದೆ ಒಂದು ಕ್ಷಣ ನಿಂತರು. ನೀರು ತಂದು ಬಾನಿಗೆ ಹೊಯ್ದರು. ಗಂಡು ರೆಕ್ಕೆಯನ್ನೂ ಅಲ್ಲಾಡಿಸಲಿಲ್ಲ. ಕೆಳಗಿನ ಹೊಂಡದಲ್ಲಿ ಎರಡು ದಿನದಿಂದ ಚಡಪಡಿಸುತ್ತಿದ್ದ ಗಂಡುಗಳು ಮೂಲೆ ಸೇರಿ ನಿಂತಿದ್ದವು. ಅಂಬು ಕರಟವನ್ನು ಜಗುಲಿಯ ಮೇಲೆ ಬೋರಲು ಹಾಕಿ ಒಳಗೆ ಹೋದರು.

"ಏನ್ ಮಾಡಿದ್ರಿ?" ಎಂದು ಹಸನ್ ಮೆಲ್ಲಗೆ ಕೇಳಿದ.

"ತೊಳೆದೆ" ಎಂದೆ.

ಅವನು ಅಬಾಗೆ ಹೇಳಿದ. ಮುದುಕರು ನನ್ನನ್ನು ನೋಡಿದರು, ಹೊಂಡ ನೋಡಿದರು. ಮಧ್ಯಾಹ್ನದ ಊಟಕ್ಕೆ ಇದ್ದುದರಲ್ಲೇ ದೊಡ್ಡ ಮೀನು ಹುರಿದು ಅದರ ನಡುವಿನ ತುಂಡುಗಳನ್ನೆಲ್ಲ ನನ್ನ ತಟ್ಟೆಗೇ ಹಾಕಿದರು. ಅತಿಥಿ ತಪ್ಪು ಮಾಡಿದರೆ ಇಲ್ಲಿ ಹೀಗೆಯೇ ಎಂದು ಹಸನ್ ಹೇಳಿದ. ಅವನ ಮನಸ್ಸು ಕುಗ್ಗಬಾರದೆಂದು ಹೆಚ್ಚು ಬಡಿಸುತ್ತಾರಂತೆ. ನಮ್ಮಪ್ಪನ ಹಾಗೆ ಕಿವಿ ಹಿಂಡಿದ್ದರೆ ವಾಸಿಯಾಗಿತ್ತು. ಆ ಮೀನು ನನ್ನ ಗಂಟಲಲ್ಲಿ ಇಳಿಯಲಿಲ್ಲ.

ಗೌಡರಿಗೆ ಇಳಿಯಿತು. ಅವರು ಮುಳ್ಳು ಬಿಡಿಸುತ್ತ ಕೇಳಿದರು. "ಅಲ್ಲ ಕಣ್ರೀ, ನಿಮ್ ಊರಿನ ಹೊಂಡಕ್ಕೆ ನೀರು ಎಂಗೆ ಬುಡ್ತೀರಿ?"

"ಹೊಳೆಯಿಂದ ಕಾಲುವೆ ಮಾಡಿಸಿದ್ದೇನಲ್ಲ. ಹಗಲೂ ರಾತ್ರಿ ಹರೀತಾನೇ ಇರತ್ತೆ. ಒಂದು ಕಡೆಯಿಂದ ಬರತ್ತೆ, ಇನ್ನೊಂದು ಕಡೆಯಿಂದ ಹೋಗತ್ತೆ. ಕನ್ನಡಿ ಹಾಗೆ ಇಟ್ಟಿದ್ದೇನೆ" ಎಂದವನು ಅಲ್ಲಿಗೇ ನಿಲ್ಲಿಸಿದೆ.

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಎರಡು ವರ್ಷ! ಎರಡು ವರ್ಷ ನಮ್ಮ ಹೆಣ್ಣು ಮೀನುಗಳು ಪಾಪ ತಮ್ಮ ಕರೆಯನ್ನು ನೀರಿಗೆ ಬಿಡುತ್ತಲೇ ಇದ್ದವು, ನಾನು ಅದನ್ನು ಹಗಲಿರುಳು ತೊಳೆದು ಕಾವೇರಿಗೆ ಕಳಿಸುತ್ತಿದ್ದೆ. ಜಾತಕ ಹೊಂದಲಿಲ್ಲವೆಂದು ಮೀನನ್ನು ಬೈದಿದ್ದೆ, ಊಟಿಯವರನ್ನು ಬೈದಿದ್ದೆ, ಆಫೀಸರನ್ನು ಬೈದಿದ್ದೆ. ಬೈಯದೆ ಉಳಿಸಿದ್ದು ನನ್ನೊಬ್ಬನನ್ನೇ. ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಸುಳ್ಳೇಕೆ ಹೇಳಲಿ, ಎದ್ದು ಕುಣಿಯಬೇಕೆನ್ನುವಷ್ಟು ಸಂತೋಷವೂ ಆಯಿತು. ಕಾಯಿಲೆ ಏನೆಂದು ಗೊತ್ತಾಗಿತ್ತು.

ಹೆಬ್ಬೆರಳು

ಅಬಾ ಹೇಳಿದ್ದು ಒಂದೇ ಮಾತು, ಇನ್ನು ಏನೂ ಮಾಡಬೇಡಿ. ಕೆಲಸ ಮಾಡುವುದು ನನಗೆ ಸುಲಭ. ಮಾಡದೆ ಕೂರುವುದಿದೆಯಲ್ಲ, ಅದನ್ನು ಕಲಿಯಲು ನಾನು ಸಮುದ್ರ ದಾಟಬೇಕಾಯಿತು. ಮೇಲಿನ ಹೊಂಡಕ್ಕೆ ತೊರೆಯ ನೀರು ಬೆರಳಷ್ಟೇ ಬರುವಂತೆ ಮಾಡಿ, ಬಿದಿರಿನ ಕೊಳವೆಯನ್ನು ಮೊದಲಿನ ಹಾಗೆ ಇಟ್ಟು, ನಾವು ದಡದಲ್ಲಿ ಕೂತೆವು.

ಮೊದಲ ಬೆಳಿಗ್ಗೆ ಬಾನಿಯ ಗಂಡು ಅಲ್ಲಾಡಲಿಲ್ಲ. ಎರಡನೆಯ ಬೆಳಿಗ್ಗೆ ಒಂದು ಸಲ ತಿರುಗಿ ಮತ್ತೆ ನಿಂತಿತು. ನಾನು ಉಗುರು ಕಚ್ಚಿಕೊಂಡು ಬೆರಳಿಗೆ ಬಂದಿದ್ದೆ. ಹಡಗಿಗೆ ಆರು ದಿನ ಇತ್ತು. ಹೆಚ್ಚು ತಡವಾದರೆ ಹೊಟ್ಟೆಯೊಳಗಿನ ಮೊಟ್ಟೆ ಕೆಟ್ಟುಹೋಗುತ್ತದೆ ಎಂದು ಹಸನ್ ಬೇರೆ ಹೇಳಿದ್ದ. ಗೌಡರು ನನ್ನನ್ನು ಸಮಾಧಾನ ಮಾಡಲು, "ಎಮ್ಮೆ ಬೆದೆಗೆ ಬರೋವಾಗ ನಾವೇನ್ ಕ್ಯಾಲೆಂಡರ್ ತೋರಿಸ್ತೀವಾ? ವಸಿ ತಡ್ಕಳಿ" ಎಂದರು.

ಮೂರನೆಯ ಬೆಳಿಗ್ಗೆ ಅಂಬು ಕರಟದ ನೀರು ಹೊಯ್ದು ಇನ್ನೂ ಕೈ ಹಿಂದಕ್ಕೆ ತೆಗೆದಿರಲಿಲ್ಲ, ಗಂಡು ಬಾಲ ಬೀಸಿತು ನೋಡಿ, ಬಗ್ಗಿ ನೋಡುತ್ತಿದ್ದ ಗೌಡರ ಮುಖಕ್ಕೆ ಅರ್ಧ ಬಾನಿ ನೀರು ಬಿತ್ತು. "ಬಂತು! ಬಂತು ಕಣ್ರೀ!" ಎಂದು ಅವರು ಮುಖ ಒರೆಸಿಕೊಳ್ಳದೆ ಕೂಗಿದರು. ಅಂಬು ನಕ್ಕರು. ಗೋಡೆಗೆ ಒರಗಿಸಿದ್ದ ಬಲೆಯನ್ನು ಹೆಬ್ಬೆರಳಿನಿಂದ ತೋರಿಸಿ, ಅದೇ ಹೆಬ್ಬೆರಳನ್ನು ನನ್ನತ್ತ ತಿರುಗಿಸಿದರು. ನನ್ನ ಜನ್ಮದಲ್ಲಿ ಯಾವ ಪದವಿಯೂ ಅಷ್ಟು ಗೌರವದಿಂದ ನನಗೆ ಬಂದಿಲ್ಲ.

ಸಂಜೆ ಆ ಹೆಣ್ಣನ್ನು ನಾನೇ ಬಲೆಯಲ್ಲಿ ಹಿಡಿದು, ಎದೆಗೆ ಆನಿಸಿಕೊಂಡು ಕೆಳಗೆ ತಂದು ಬಿಟ್ಟೆ. ನಮ್ಮ ಬೈನೆ ಮರದ ನಾರಿನಂಥ ಕಪ್ಪು ನಾರನ್ನು ಬಿದಿರಿನ ಸೀಳಿಗೆ ಕಟ್ಟಿ ಚಾಪೆ ಮಾಡಿ ನೀರಿನ ಮೇಲೆ ತೇಲಿಬಿಡುತ್ತಾರೆ, ಮೊಟ್ಟೆ ಅಂಟಲಿಕ್ಕೆ. ಅದನ್ನೂ ನಾನೇ ಕಟ್ಟಿದ್ದೆ. ಬೆಳಕು ಹರಿಯುವ ಹೊತ್ತಿಗೆ ಹೊಂಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿರುವ ಸದ್ದು. ಓಡಿದೆವು. ಗಂಡುಗಳು ಹೆಣ್ಣನ್ನು ಬೆನ್ನಟ್ಟಿ ಚಾಪೆಯ ಮೇಲೆಯೇ ಹತ್ತಿಸಿಬಿಟ್ಟಿದ್ದವು. ನೀರು ಹಾಲಾಗಿತ್ತು. ನಾರಿನ ಎಳೆ ಎಳೆಗೂ ಸಾಸಿವೆ ಗಾತ್ರದ ಹೊಳೆಯುವ ಮೊಟ್ಟೆ. ನಾನು ಮಂಡಿಯುದ್ದ ನೀರಿಗಿಳಿದು ಕುಣಿದೆ. ಗೌಡರು ದಡದಲ್ಲಿ ಪಂಚೆ ಎತ್ತಿ ಕಟ್ಟಿ ಕುಣಿದರು. ಅಬಾ ಮಾತ್ರ ಒಂದು ಲೋಟ ಕಾಫಿ ಹಿಡಿದು, ಪುಡಿ ತಳಕ್ಕೆ ಇಳಿಯಲೆಂದು ಕಾಯುತ್ತ ನಮ್ಮನ್ನು ನೋಡುತ್ತಿದ್ದರು.

ನೆಲ್ಯಹುದಿಕೇರಿ

ಊರಿಗೆ ಬಂದಾಗ ಫೆಬ್ರವರಿ ಅರ್ಧ ಕಳೆದಿತ್ತು. ಬಸ್ಸಿನಿಂದ ಇಳಿದವನು ಪೆಟ್ಟಿಗೆಯನ್ನು ಮನೆಯೊಳಗೆ ಇಡುವ ಮೊದಲು ಹೊಂಡಕ್ಕೆ ಹೋಗಿ ಕಾಲುವೆಯ ಬಾಯಿಗೆ ಮಣ್ಣು ಕಲ್ಲು ತುಂಬಿದೆ. ಹೊಂಡದ ಮೇಲ್ಗಡೆಯ ಸಿಮೆಂಟ್ ತೊಟ್ಟಿಗೆ ಒಂದು ಹೆಣ್ಣನ್ನು ಹಾಕಿ, ಹೊಂಡದಲ್ಲಿ ಗಂಡುಗಳನ್ನು ಬಿಟ್ಟು, ನಡುವೆ ಬಿದಿರು ಕೊಳವೆ ಇಟ್ಟೆ. ಉಳಿದ ಹೆಣ್ಣುಗಳನ್ನು ಒಬ್ಬ ರೈತನ ಹೊಂಡಕ್ಕೆ ಸಾಗಿಸಿದೆ. ನೀರು ದಿನೇ ದಿನೇ ಕಲಕಾಯಿತು, ನೊರೆ ಕಟ್ಟಿತು. ಕುಶಾಲಪ್ಪನಿಗೆ ಜಾವಾದಲ್ಲಿ ತಲೆ ಕೆಟ್ಟಿದೆ, ನೀರು ಕೊಳೆಸಿ ಮೀನು ಸಾಯಿಸುತ್ತಿದ್ದಾನೆ ಎಂದು ಅಮ್ಮತ್ತಿಯವರೆಗೂ ಸುದ್ದಿ ಹೋಯಿತು. ಆ ಸಲ ನಾನು ಯಾರ ಜೊತೆಯೂ ಜಗಳವಾಡಲಿಲ್ಲ.

ಬಾನಿ ಹುಡುಕಿದರೆ ಸಿಗಲಿಲ್ಲ. ನನ್ನ ಹೆಂಡತಿ ಪಾರ್ವತಿ ಬಚ್ಚಲಿನ ದೊಡ್ಡ ಹಂಡೆಯನ್ನೇ ಬಿಟ್ಟುಕೊಟ್ಟಳು. ದಿನಾ ಬೆಳಿಗ್ಗೆ ಕರಟದಲ್ಲಿ ನೀರು ಹೊಯ್ಯುವ ಕೆಲಸವನ್ನೂ ಅವಳೇ ವಹಿಸಿಕೊಂಡಳು, ನಾನು ಹತ್ತಿರ ಹೋದರೆ ಮೀನು ಹೆದರುತ್ತದಂತೆ. ಒಂದು ವಾರ ಕಳೆಯಿತು, ಎರಡಾಯಿತು, ಐದಾಯಿತು. ಮನೆಯಲ್ಲಿ ನಮಗೆ ಸ್ನಾನಕ್ಕೆ ಬಿಸಿನೀರಿಲ್ಲ, ಹಂಡೆಯಲ್ಲಿ ಗಂಡು ಮೀನು ಹಾಯಾಗಿ ನಿಂತಿತ್ತು. ಮಾರ್ಚ್ ಮುಗಿಯಲು ಎರಡು ದಿನ ಇತ್ತು. ಹೊಂಡ ಮುಚ್ಚಲು ನಾಡಿದ್ದು ಮಣ್ಣು ಬರುತ್ತದೆ ಎಂದು ಆಫೀಸಿನಿಂದ ಕಾಗದ ಬಂತು. ನಾನು ಅದನ್ನು ಪಾರ್ವತಿಗೆ ಓದಿ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಅವಳ ಕೂಗು. "ಬೇಗ ಬನ್ನಿ! ಇದು ನಿಂತಲ್ಲಿ ನಿಲ್ತಾ ಇಲ್ಲೆ!"

ಹಂಡೆ ಢಣಢಣ ಎನ್ನುತ್ತಿತ್ತು. ಗಂಡು ಮೀನು ಮೂತಿಯಿಂದ ತಾಮ್ರಕ್ಕೆ ಗುದ್ದುತ್ತಿತ್ತು. ನಾನು ಶಿರಂಗಾಲಕ್ಕೆ ಬಸ್ಸಿನವನ ಕೈಯಲ್ಲಿ ಹೇಳಿಕಳಿಸಿದೆ. ಸಂಜೆಗೆ ಗೌಡರು ಬಂದರು. ಹೆಣ್ಣನ್ನು ಬಿಡುವಾಗ ಅವರು ಬಲೆಯ ಒಂದು ಕಡೆ, ನಾನೊಂದು ಕಡೆ ಹಿಡಿದಿದ್ದೆವು. ಬೈನೆ ನಾರಿನ ಚಾಪೆ ತೇಲಿಸಿದೆವು. ಮನೆಗೆ ಹೋದೆವು, ಊಟ ಮಾಡಿದೆವು, ಮಲಗಿದೆವು.

ಕಾಫಿ ಹೂವಿನ ಕಾಲ. ನಸುಕಿನಲ್ಲಿ ಗಾಳಿಯೆಲ್ಲ ಅದೇ ವಾಸನೆ. ಹೊಂಡದ ಕಡೆಯಿಂದ ಆ ಸದ್ದು ಕೇಳಿಸಿದಾಗ ನನಗೆ ಎದ್ದು ಹೋಗುವ ಧೈರ್ಯ ಬರಲಿಲ್ಲ. ಪಾರ್ವತಿಯೇ ಮೊದಲು ಹೋದಳು. "ನಾರು ಕಾಣ್ತಾ ಇಲ್ಲೆ, ಬರೀ ಮೊಟ್ಟೆ!" ಎಂದು ಅಲ್ಲಿಂದಲೇ ಕೂಗಿದಳು.

ಬಿಸಿಲೇರುವಾಗ ಮಣ್ಣು ತುಂಬಿದ ಎರಡು ಲಾರಿ ಬಂದವು, ಮುಂದೆ ಆಫೀಸರ ಜೀಪು. ನಾನು ಹೊಂಡಕ್ಕಿಳಿದು ಒಂದು ಚಾಪೆಯನ್ನು ನೀರಿನಿಂದ ಎತ್ತಿ ಹಿಡಿದೆ. ಅವರು ದಡದಲ್ಲಿ ನಿಂತೇ ನೋಡಿದರು. ಆಮೇಲೆ ಶೂ ಬಿಚ್ಚಿ, ಬಿಳಿ ಪ್ಯಾಂಟು ಮಡಿಸಿ, ನೊರೆ ನೀರಿಗಿಳಿದು ಹತ್ತಿರ ಬಂದು ಮುಖವಿಟ್ಟು ನೋಡಿದರು.

"ಇದೆಲ್ಲ ಮೊಟ್ಟೆಯೇನ್ರೀ?"

"ಹೌದು ಸಾರ್."

"ಎರಡು ವರ್ಷ ಯಾಕೆ ಆಗಲಿಲ್ಲ?"

"ನನ್ನ ತಪ್ಪು ಸಾರ್. ನಾನು ತೊಳೀತಿದ್ದೆ."

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಲು ಹೋದೆ.

ಹೆಣ್ಣು ನೀರಿಗೆ ಬಿಡುವ ಕರೆ, ಹಂಡೆ, ಕರಟ ಎಂದೆಲ್ಲ ಹೇಳುತ್ತಿದ್ದಂತೆಯೇ ಆಫೀಸರ ಎದುರು, ಲಾರಿಯವರ ಎದುರು, ಸೇರಿದ್ದ ಊರವರ ಎದುರು ನಾನು ಅತ್ತೆ. ಆಫೀಸರು ನನ್ನ ಕೈಯಿಂದ ಚಾಪೆ ತೆಗೆದುಕೊಂಡು ತಾವೇ ಮೆಲ್ಲಗೆ ನೀರಿಗೆ ಇಳಿಸಿದರು. ಸುತ್ತಲೂ ಕಣ್ಣು ಹಾಯಿಸಿ, "ಇಷ್ಟು ಮರಿ ಬೆಳೆಸೋಕೆ ಇದೊಂದು ಹೊಂಡ ಸಾಲಲ್ಲ ಅಲ್ವೇ? ಇನ್ನೊಂದಕ್ಕೆ ಏರಿ ಎಷ್ಟೆತ್ತರ ಬೇಕು?" ಎಂದು ಕೇಳಿದರು. ನಾನು ಕಣ್ಣೊರೆಸಿಕೊಳ್ಳುತ್ತಿದ್ದೆ. ನಂಜೇಗೌಡರು ಮುಂದೆ ಬಂದು ತಮ್ಮ ಎದೆಯ ಮಟ್ಟಕ್ಕೆ ಅಂಗೈ ಹಿಡಿದು ತೋರಿಸಿದರು.

ಅಷ್ಟರಲ್ಲಿ ಮೊದಲನೆಯ ಲಾರಿಯ ಡ್ರೈವರ್ ಗಾಡಿಯನ್ನು ಹಿಂದೆ ತಿರುಗಿಸಿ ಹೊಂಡದ ಅಂಚಿಗೆ ತಂದು, ತಲೆ ಹೊರಗೆ ಹಾಕಿ, "ಇಲ್ಲೇ ಅಲ್ವಾ ಸಾರ್ ಸುರಿಯೋದು?" ಎಂದ.

ಆಫೀಸರು ಮಂಡಿಯುದ್ದ ನೀರಿನಲ್ಲಿ ನಿಂತಲ್ಲಿಂದಲೇ ಎರಡೂ ಕೈ ಅಡ್ಡ ಹಿಡಿದರು.

"ನಿಲ್ಲಿಸಯ್ಯಾ! ಆ ಮೇಲ್ಗಡೆ ಹೋಗಿ ಸುರಿ. ಈ ನೀರಿಗೆ ಒಂದು ಹಿಡಿ ಮಣ್ಣೂ ಬೀಳಬಾರದು."